ನಂಜಮ್ಮ ಕೊನೆಯಿಂದ ಕೇಳುತ್ತಿದ್ದಳು

ನಂಜಮ್ಮ ಯಾರ ಮಾತನ್ನೂ ಮೊದಲಿನಿಂದ ಕೇಳುತ್ತಿರಲಿಲ್ಲ. ಹಳ್ಳಿಮೈಸೂರಿನ ಆ ಮನೆಗೆ ಹದಿನಾರನೆಯ ವಯಸ್ಸಿಗೆ ಹಿರಿಯ ಸೊಸೆಯಾಗಿ ಬಂದ ಮೇಲೆ ಅವಳು ಕಲಿತುಕೊಂಡ ಮೊದಲ ಕೆಲಸವೇ ಅದು. ಅತ್ತೆ ದೊಡ್ಡತಾಯಮ್ಮ ಬೆಳಗ್ಗೆ ಜಗುಲಿಯ ಕಂಬಕ್ಕೆ ಒರಗಿ ಮಾತು ಶುರು ಮಾಡಿದರೆ ಅದು ಅವಳ ತವರಿನ ಎಮ್ಮೆಯಿಂದ ಹೊರಟು, ಮಳೆ ಹಿಡಿದ ವರ್ಷ ಕೊಳೆತ ಹುರುಳಿಯನ್ನು ಮುಟ್ಟಿ, ಯಾರದೋ ಮದುವೆಯಲ್ಲಿ ಸಾರು ಸಾಲದೆ ಹೋದದ್ದನ್ನು ನೆನೆದು, ಕೊನೆಗೆ "ಅದಕ್ಕೇ ಯೋಳೋದು, ಅವರೆಕಾಯಿ ಇವತ್ತೇ ಸುಲಿದ್ಬುಡಿ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ನಂಜಮ್ಮ ಆ ದಾರಿಯಲ್ಲಿ ಅತ್ತೆಯ ಜೊತೆ ನಡೆಯುತ್ತಿರಲಿಲ್ಲ. ಕೊಟ್ಟಿಗೆ ಬಾಚುತ್ತಾ, ಬಿಂದಿಗೆ ಬೆಳಗುತ್ತಾ ಇದ್ದು, ಅತ್ತೆಯ ದನಿ ಇಳಿಯುವ ಹೊತ್ತಿಗೆ ಕಿವಿ ಕೊಟ್ಟು, ಆ ಕೊನೆಯ ಮಾತನ್ನು ಮಾತ್ರ ಹಿಡಿದುಕೊಳ್ಳುತ್ತಿದ್ದಳು. ತನಗೆ ಹಚ್ಚುವ ಕೆಲಸ ಇರುತ್ತಿದ್ದದ್ದು ಅಲ್ಲಿಯೇ.

ನಂಜಮ್ಮ ಓದಿದ್ದು ಮೂರನೆಯ ಕ್ಲಾಸು. ಅವಳ ಗಂಡ ರಾಮಣ್ಣ ಮನೆಯ ಹಿರಿಮಗ, ಬೇಸಾಯಗಾರ. ಅರವತ್ತಮೂರನೆಯ ಇಸವಿಯ ಹೊತ್ತಿಗೆ ಆ ಮನೆಯಲ್ಲಿ ಮೈದುನಂದಿರು, ಮಕ್ಕಳು, ಹೊಲದ ಆಳುಗಳು ಎಲ್ಲ ಸೇರಿ ಹದಿನಾಲ್ಕು ಜನ ಊಟಕ್ಕೆ ಕೂರುತ್ತಿದ್ದರು. ದಿನಕ್ಕೆ ಆರು ಸೇರು ರಾಗಿ. ಅದನ್ನು ಬೀಸುತ್ತಿದ್ದದ್ದು ನಡುಮನೆಯ ಮೂಲೆಯಲ್ಲಿದ್ದ ದೊಡ್ಡ ರಾಗಿಕಲ್ಲಿನಲ್ಲಿ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸಬೇಕಾದ ಕಲ್ಲು ಅದು. ಒಂದು ಕಡೆ ನಂಜಮ್ಮ, ಇನ್ನೊಂದು ಕಡೆ ಕಿರಿಯ ಸೊಸೆ ಅನಸೂಯ.

ಅನಸೂಯ ಹಾಸನದ ಹತ್ತಿರದ ಸಾಲಗಾಮೆಯವಳು. ಬಿ.ಎ. ಮುಗಿಸಿದ್ದಳು. ಅವಳ ಗಂಡ ಪುಟ್ಟಸ್ವಾಮಿ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ. ಅವನು ಪಟ್ಟಣದಲ್ಲಿ ಕೋಣೆ ಹಿಡಿದು ಹೋಟೆಲಿನಲ್ಲಿ ಊಟ ಮಾಡುತ್ತಿದ್ದ. ಅವನ ಹೆಂಡತಿ ಹಳ್ಳಿಯಲ್ಲಿ ಹದಿನಾಲ್ಕು ಜನಕ್ಕೆ ಅಡುಗೆ ಮಾಡುತ್ತಿದ್ದಳು. ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಅವನು ಬಸ್ಸು ಹತ್ತುವನು. ಈ ಏರ್ಪಾಡಿನಲ್ಲಿ ಹೆಚ್ಚುಕಮ್ಮಿ ಏನಾದರೂ ಇದೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅನಸೂಯಳಿಗೆ ಲಾ ಓದಬೇಕೆನ್ನಿಸಿದ್ದು ಒಂದು ಬಸ್ಸಿನಲ್ಲಿ. ಎರಡು ವರ್ಷದ ಹಿಂದೆ ಅವಳ ತಂದೆ ತೀರಿಕೊಂಡಾಗ ಚಿಕ್ಕಪ್ಪ ಒಬ್ಬ ದಸ್ತಾವೇಜು ಬರಹಗಾರನನ್ನು ಮನೆಗೆ ಕರೆತಂದಿದ್ದ. ಬರಹಗಾರ ನಾಲ್ಕು ಹಾಳೆಯ ಪತ್ರವನ್ನು ಒಂದೇ ಉಸಿರಿಗೆ ಓದಿದ. ಆದಕಾರಣ, ಆದಾಗ್ಯೂ, ಮೇಲ್ಕಂಡ ಎಂದು ಏನೇನೋ ಬಂದವು. ಅವಳ ತಾಯಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಕೂತಿದ್ದ ಬಿ.ಎ. ಓದಿದ ಮಗಳೂ ತಲೆಯಾಡಿಸಿದಳು. ಸಂಜೆ ಬಸ್ಸು ಹೊಳೆನರಸೀಪುರದ ಸೇತುವೆ ದಾಟುವಾಗ ಮೂರನೆಯ ಹಾಳೆ ಹೇಳಿದ್ದೇನು ಎಂಬುದು ಅವಳಿಗೆ ಹೊಳೆಯಿತು. ತಾಯಿ ತೆಂಗಿನ ತೋಟದಲ್ಲಿ ತನಗೆ ಬರಬೇಕಾದ ಅರ್ಧವನ್ನು ಬಿಟ್ಟುಕೊಟ್ಟಿದ್ದಳು. ಅರ್ಥವೇನೋ ಆಗಿತ್ತು, ಅರ್ಧ ದಿನ ತಡವಾಗಿ.

ಅರವತ್ತಮೂರರಲ್ಲಿ ಹಾಸನದಲ್ಲಿ ಬೆಳಗಿನ ತರಗತಿಯ ಒಂದು ಖಾಸಗಿ ಲಾ ಕಾಲೇಜು ಶುರುವಾಗುತ್ತದೆ ಎಂಬ ಸುದ್ದಿ ತಂದವನು ಪುಟ್ಟಸ್ವಾಮಿಯೇ. ಸೀಟು ಕಡಿಮೆ, ಅರ್ಜಿ ಹೆಚ್ಚು, ಆದ್ದರಿಂದ ಜೂನ್ ತಿಂಗಳಲ್ಲಿ ಪ್ರವೇಶ ಪರೀಕ್ಷೆ. ನಲವತ್ತೈದು ನಿಮಿಷ, ಮೂವತ್ತು ಪ್ರಶ್ನೆ. ಒಂದೊಂದರಲ್ಲೂ ನಾಲ್ಕಾರು ಸಾಲಿನ ಒಂದು ವಾದ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ. ಅದರ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು, ಬಾಯಿಬಿಟ್ಟು ಹೇಳದೆ ನಂಬಿಕೊಂಡಿರುವುದು ಯಾವುದು ಎಂದು ಗುರುತು ಹಾಕಬೇಕು. ಪುಟ್ಟಸ್ವಾಮಿ ಮಾದರಿ ಪತ್ರಿಕೆಯೊಂದನ್ನು ತಂದುಕೊಟ್ಟ. ಆಮೇಲೆ ಅಂಥವೇ ಇನ್ನಷ್ಟನ್ನು ಎಲ್ಲಿಂದಲೋ ಬರೆದುಕೊಂಡು ತಂದ.

"ಸೀಟು ಸಿಕ್ಕಿದರೆ ಹಾಸನದಲ್ಲಿ ಮನೆ ಮಾಡಬಹುದು" ಎಂದ. ಹೋಟೆಲಿನ ಊಟ ಅವನಿಗೂ ಸಾಕಾಗಿತ್ತು.

ಓದಲು ಹೊತ್ತು ಬೇಕಲ್ಲ. ಆ ಮನೆಯ ಹೆಂಗಸಿಗೆ ರಜೆ ಎಂಬುದೊಂದಿದ್ದರೆ ಅದು ತಿಂಗಳಿಗೆ ಮೂರು ದಿನ. ರಜೆ ಎಂದು ಯಾರೂ ಕರೆಯುತ್ತಿರಲಿಲ್ಲ, ಮೈಲಿಗೆ ಎನ್ನುತ್ತಿದ್ದರು. ಆ ಮೂರು ದಿನ ಅವಳು ಒಲೆ ಮುಟ್ಟುವಂತಿಲ್ಲ, ನೀರು ಸೇದುವಂತಿಲ್ಲ, ಹಿಟ್ಟಿನ ಮಡಕೆಯ ಹತ್ತಿರ ಸುಳಿಯುವಂತಿಲ್ಲ. ಹಿತ್ತಲ ಜಗುಲಿಯಲ್ಲಿ ಚಾಪೆ, ಒಂದು ಚೊಂಬು, ಒಂದು ತಟ್ಟೆ. ಅನಸೂಯ ಅಲ್ಲಿ ಪತ್ರಿಕೆ ಹರಡಿಕೊಂಡು ಕೂತಳು. ಫೆಬ್ರವರಿಯಿಂದ ಮೇ ತನಕ ನಾಲ್ಕು ಸಲ ಮೂರು, ಒಟ್ಟು ಹನ್ನೆರಡು ದಿನ. ಅವಳ ಆ ಹನ್ನೆರಡು ದಿನ ನಂಜಮ್ಮ ಇಬ್ಬರ ಕೆಲಸ ಮಾಡಿದಳು. ನಂಜಮ್ಮನ ಸರದಿ ಬಂದಾಗ, ಅವಳು ಮೊದಲೇ ಕೂಡಿಟ್ಟ ಹಿಟ್ಟಿನಲ್ಲಿ, ಅನಸೂಯ ಮಾಡುತ್ತಿದ್ದಳು ನಿಜ. ಆದರೆ ನಂಜಮ್ಮ ತನ್ನ ಮೂರು ದಿನ ಬರಿಯ ನಿದ್ದೆ ಮಾಡುತ್ತಿದ್ದಳು, ಅಷ್ಟು ನಿದ್ದೆ ಬಾಕಿ ಇರುತ್ತಿತ್ತು. ಇಬ್ಬರು ಬೀಸುವ ಕಲ್ಲನ್ನು ಅನಸೂಯ ಹೊರಗಿರುವ ದಿನಗಳಲ್ಲಿ ನಂಜಮ್ಮ ಹೇಗೆ ಸುಧಾರಿಸುತ್ತಾಳೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಿಟ್ಟು ಇರುತ್ತಿತ್ತು, ಮುದ್ದೆ ಆಗುತ್ತಿತ್ತು, ಉಣ್ಣುತ್ತಿದ್ದರು.

ಅನಸೂಯಳ ಹತ್ತಿರ ಗಡಿಯಾರ ಇರಲಿಲ್ಲ. ಅದಕ್ಕೂ ನಂಜಮ್ಮನೇ ದಾರಿ ತೋರಿಸಿದಳು. ಒಂದು ಭಾನುವಾರ ಪುಟ್ಟಸ್ವಾಮಿಯ ಕೈಗಡಿಯಾರ ಇಸಿದುಕೊಂಡು ಅಳೆದು ನೋಡಿದ್ದರು. ಹದಿನಾಲ್ಕು ಜನರ ಮುದ್ದೆಗೆ ಎಸರಿಟ್ಟಲ್ಲಿಂದ ಕಡೆಯ ಮುದ್ದೆ ಕಟ್ಟಿ ಇಡುವ ತನಕ ನಲವತ್ತಾರು ನಿಮಿಷ. ಅಡುಗೆಮನೆಯ ಕಿಟಕಿ ಹಿತ್ತಲ ಜಗುಲಿಗೇ ತೆರೆಯುತ್ತಿತ್ತು.

"ಎಸರಿಟ್ಟೆ ಕಣೆ" ಎಂದು ಒಳಗಿನಿಂದ ನಂಜಮ್ಮ ಹೇಳುವಳು. ಅನಸೂಯ ಶುರು ಮಾಡುವಳು. ಎಸರು ಮರಳುವುದು, ಹಿಟ್ಟು ಬೀಳುವುದು, ಕೋಲು ಪಾತ್ರೆಯ ತಳಕ್ಕೆ ಬಡಿಯುವುದು ಎಲ್ಲವೂ ಅವಳಿಗೆ ಕೇಳುತ್ತಿತ್ತು.

"ಇಳುಸ್ದೆ."

ಮೊದಲ ದಿನ ಅಷ್ಟರಲ್ಲಿ ಆದದ್ದು ಹನ್ನೊಂದು. ಅದರಲ್ಲಿ ನಾಲ್ಕು ತಪ್ಪು.

"ಅಷ್ಟೊತ್ತು ಏನು ಮಾಡ್ದೆ?" ಎಂದಳು ನಂಜಮ್ಮ, ಕಿಟಕಿಯಿಂದ ತಟ್ಟೆ ಚಾಚುತ್ತಾ.

"ಓದಿದೆ ಅಕ್ಕ. ಎರಡೆರಡು ಸಲ ಓದಿದೆ."

"ಎಲ್ಲಿ, ನಂಗೊಂದು ಓದು."

ಅನಸೂಯ ಓದಿದಳು. "ಊರಿನ ಹೊಸ ಬಾವಿಯ ನೀರು ಕುಡಿದವರಲ್ಲಿ ಯಾರಿಗೂ ಈ ವರ್ಷ ಜ್ವರ ಬರಲಿಲ್ಲ. ಆದ್ದರಿಂದ ಹೊಸ ಬಾವಿಯ ನೀರು ಜ್ವರವನ್ನು ತಡೆಯುತ್ತದೆ."

"ಅಳೇ ಬಾವಿ ನೀರು ಕುಡ್ದೋರ್ಗೆ ಬಂದಿತ್ತಾ?"

"ಅದು ಇಲ್ಲಿ ಬರೆದಿಲ್ಲ. ಆದರೆ ಬಾವಿ ಹೊಸದು ಅಂದ ಮೇಲೆ ಕಲ್ಲು ಕಟ್ಟಿರ್ತಾರೆ, ಹೂಳು ಇರಲ್ಲ, ನೀರು ತಿಳಿಯಾಗಿರ್ತದೆ, ಹಾಗಾಗಿ..."

"ಬರ್ದಿಲ್ಲ ಅಂದ್ಮೇಲೆ ನೀನ್ಯಾಕೆ ಬಾವಿ ಕಟ್ಟಿಸ್ತಾ ಕುಂತಿದ್ದೀಯ?"

ನಂಜಮ್ಮ ಕಿಟಕಿಯ ಸರಳಿಗೆ ಮೊಣಕೈ ಊರಿದಳು.

"ಅತ್ತೆ ಮಾತಿಗೂ ನೀನು ಇಂಗೇ ಮಾಡೋದು ಕಣೆ. ಅವ್ರು ಅರ್ಧ ಯೋಳ್ತಾರೆ. ಉಳಿದರ್ಧ ನೀನೇ ತುಂಬ್ಕಂಡು ಊಂ ಅಂತೀಯ. ಒಳ್ಳೆ ಸೊಸೆ. ಪರೀಕ್ಸೆಗೂ ಒಳ್ಳೆ ಸೊಸೆ ಆಗಿ ಓದ್ರೆ ಹನ್ನೊಂದೇ ಆಗೋದು."

ಇದು ಅನಸೂಯಳಿಗೆ ಚುಚ್ಚಿತು, ಯಾಕೆಂದರೆ ಸರಿಯಾಗಿತ್ತು. ದೊಡ್ಡವರ ಮಾತಿನಲ್ಲಿ ಸಂದು ಕಂಡರೆ ತಾನೇ ಮಣ್ಣು ಮೆತ್ತಿ ಮುಚ್ಚುವುದನ್ನು ಅವಳು ಮರ್ಯಾದೆಯೆಂದು ಕಲಿತಿದ್ದಳು. ಪ್ರಶ್ನೆಪತ್ರಿಕೆ ಕೇಳುತ್ತಿದ್ದದ್ದು ಆ ಸಂದು ಎಲ್ಲಿದೆ ಎಂದು. ಮುಚ್ಚಿಯಾದ ಮೇಲೆ ಅದು ಕಾಣುವುದಾದರೂ ಹೇಗೆ? ಬರಹಗಾರ ಪತ್ರ ಓದಿದ ದಿನವೂ ಅವಳು ಅವನ ಪರವಾಗಿ ಸಂದು ಮುಚ್ಚುತ್ತಲೇ ಕೂತಿದ್ದಳು.

"ನೀನು ಹೇಗೆ ಕೇಳ್ತೀಯ ಅಕ್ಕ?"

"ನಾನೆಲ್ಲಿ ಕೇಳ್ತೀನಿ. ನಂಗೆ ಪುರಸೊತ್ತಿಲ್ಲ. ಕಡೇ ಮಾತು ಇಡ್ಕತೀನಿ. ಆಮ್ಯಾಕೆ ಯಾಕಂತೆ ಅಂತ ಹಿಂದಕ್ಕೆ ಓಯ್ತೀನಿ. ಅವೆರಡ್ರ ಮಧ್ಯ ಏನೋ ಒಂದು ನುಂಗಿರ್ತಾರೆ. ಅದು ಸಿಕ್ತು ಅಂದ್ರೆ ಸಾಕು, ಮಿಕ್ಕಿದ್ದು ಎಮ್ಮೆ ಕತೆ."

ಅಂದಿನಿಂದ ಅನಸೂಯ ಕಡೆಯ ಸಾಲನ್ನು ಮೊದಲು ಓದಿದಳು. ಕೈಗೆ ಬಿಡುವಿಲ್ಲದ ದಿನಗಳಲ್ಲಿ ರಾಗಿಕಲ್ಲೇ ಪಾಠಶಾಲೆಯಾಯಿತು. ನಂಜಮ್ಮ ಎದುರಿಗೆ ಕೂತು ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕಿ ಅತ್ತೆಯ ದನಿಯಲ್ಲೇ ಒಂದು ಮಾತು ಬಿಡುವಳು. ಮುಂದಿನ ಹಿಡಿ ಬೀಳುವುದರೊಳಗೆ ನುಂಗಿದ್ದೇನು ಎಂದು ಅನಸೂಯ ಹೇಳಬೇಕು.

"ಪಕ್ಕದ ಮನೆ ಮಾಯಮ್ಮನ ಸೊಸೆ ಕೋಳಿ ಕೂಗೋಕ್ ಮುಂಚೆ ಏಳ್ತಾಳೆ. ಅದಕ್ಕೇ ಅವ್ರ ಎಮ್ಮೆ ಜಾಸ್ತಿ ಆಲು ಕೊಡೋದು."

"ಸೊಸೆ ಎದ್ದದ್ದು ನೋಡಿಕೊಂಡು ಎಮ್ಮೆ ಹಾಲು ಕೊಡ್ತದೆ ಅಂತ."

"ಓದ್ ವರ್ಸ ಸಣ್ಣ ಸೊಸೆ ಊರಿಗೋದಾಗ ಮನೇಲಿ ಯಾರ್ಗೂ ತೊಂದ್ರೆ ಆಗ್ಲಿಲ್ಲ. ಅದಕ್ಕೇ ಮನೇಲಿ ಅಂತಾ ಕೆಲ್ಸ ಏನಿಲ್ಲ."

ಅನಸೂಯ ಒಂದು ಸುತ್ತು ಯೋಚಿಸಿದಳು. "ನೀನು ಇದ್ದೆ ಅನ್ನೋದನ್ನ ನುಂಗಿದರು."

ಇಬ್ಬರೂ ಕಲ್ಲು ನಿಲ್ಲಿಸಿ ನಕ್ಕರು. ಹೊರಗಿನಿಂದ ದೊಡ್ಡತಾಯಮ್ಮ "ಯಾಕ್ರೇ ಕಲ್ಲು ನಿಂತೋಯ್ತು" ಎಂದು ಕೇಳಿದ ಮೇಲೆ ಮತ್ತೆ ತಿರುಗಿಸಿದರು.

ಮಾರ್ಚಿನಲ್ಲಿ ಮುದ್ದೆ ಇಳಿಯುವ ಹೊತ್ತಿಗೆ ಹದಿನೇಳು ಆಯಿತು. ಏಪ್ರಿಲಿನಲ್ಲಿ ಇಪ್ಪತ್ತಮೂರು. ಮೇ ತಿಂಗಳ ಸರದಿಯ ಮೂರನೆಯ ದಿನ ಇಪ್ಪತ್ತೆಂಟು ಮುಗಿಸಿದಳು, ತಪ್ಪು ಒಂದೇ.

ಪರೀಕ್ಷೆ ಜೂನಿನ ಎರಡನೆಯ ಭಾನುವಾರ. ಅದರ ಹಿಂದಿನ ಶುಕ್ರವಾರ ಬೆಳಗ್ಗೆ ಅನಸೂಯ ಚಾಪೆ ಎತ್ತಿಕೊಂಡು ಹಿತ್ತಲ ಜಗುಲಿಗೆ ಹೋದಳು. ಎಂದಿನ ದಿನಕ್ಕಿಂತ ಮೊದಲೇ ಆಗಿತ್ತು. ಶುಕ್ರ, ಶನಿ, ಭಾನು ಎಂದು ದೊಡ್ಡತಾಯಮ್ಮ ಎಣಿಸಿದಳು. ಶನಿವಾರ ಸಂಜೆ ಪುಟ್ಟಸ್ವಾಮಿ ಬರುವ ಹೊತ್ತಿಗೆ ಅವಳ ಮಾತು ಸಿದ್ಧವಾಗಿತ್ತು.

"ನಮ್ಮತ್ತೆ ಕಾಲದಲ್ಲಿ ಊರಾಚೆ ಗುಡ್ಲಿಗೆ ಕಳಿಸ್ತಿದ್ರು. ಮಳೇಲಿ ಅಲ್ಲೇ ಕುಂತಿರ್ತಿದ್ವಿ. ಈಗ ಜಗಲೀಲಿ ಕೂರಸ್ತೀವಿ, ಅದನ್ನೂ ಸಡ್ಲ ಮಾಡಿದ್ರೆ ಮನೆದೇವ್ರು ಸುಮ್ಕಿದ್ದದಾ? ಬಸ್ಸಲ್ಲಿ ನಾಕು ಜನ ಮುಟ್ತಾರೆ. ಒಳೆ ದಾಟ್ಬೇಕು. ಓದೋದು ಬ್ಯಾಡ ಅಂತ ನಾನು ಅನ್ನಾಕಿಲ್ಲ. ಆದ್ರೆ ನಾಳೆ ಕಳ್ಸಾಕಿಲ್ಲ."

ಪುಟ್ಟಸ್ವಾಮಿ "ಅವ್ವ" ಎಂದು ಶುರು ಮಾಡಿ ಅಲ್ಲಿಗೇ ನಿಂತ. ಜಗುಲಿಯಲ್ಲಿ ಅನಸೂಯ ಹಾಳೆಗಳನ್ನು ಮಡಿಸಿ ಚಾಪೆಯ ಕೆಳಗಿಟ್ಟಳು. ಮುಂದಿನ ವರ್ಷ ಎಂಬುದು ಅವಳಿಗೆ ಇರಲಿಲ್ಲ. ವರ್ಷದೊಳಗೆ ಬಸಿರಾಗದಿದ್ದರೆ ಯಾವ ಯಾವ ಹರಕೆ ಎಂದು ಅತ್ತೆ ಆಗಲೇ ಗೊತ್ತು ಮಾಡಿದ್ದಳು.

ಒಲೆಯ ಮುಂದಿನಿಂದ ನಂಜಮ್ಮ ಏಳದೆಯೇ ಕೇಳಿದಳು. "ಅತ್ತೆ, ನಾಳೆ ಅನ್ಸೂಯ ಇಲ್ಲೇ ಇದ್ರೆ ಏನು ಕೆಲ್ಸ ಮಾಡ್ತಾಳೆ?"

"ಏನು ಮಾಡಾಳು. ವರಗೆ ಕುಂತಿರ್ತಾಳೆ."

"ಒಲೆ ಮುಟ್ತಾಳಾ?"

"ಶಿವ ಶಿವ."

"ನೀರು ತತ್ತಾಳಾ? ರಾಗಿ ಬೀಸ್ತಾಳಾ?"

"ಏನಾಗದೆ ನಿಂಗೆ? ಇಲ್ಲ."

"ಅಂಗಾರೆ ನಾಳೆ ಅವ್ಳು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಬ್ಯಾರೆ ದಿನ ಆಗಿದ್ರೆ ನಾನೇ ಬ್ಯಾಡ ಅಂತಿದ್ದೆ, ನಂಗೆ ಒಬ್ಳಿಗೇ ಆಗಾಕಿಲ್ಲ. ನಾಳೆ ಹಾಸನಕ್ಕೋದ್ರೆ ಮನೆಗೇನು ಲುಕ್ಸಾನು?"

"ಬಸ್ಸಲ್ಲಿ ಮುಟ್ತಾರಲ್ಲ."

"ಬಸ್ಸಲ್ಲಿ ಕುಂತಿರೋ ಎಂಗಸ್ರು ಯಾರ್ಯಾರು ಎಷ್ಟ್ನೇ ದಿನದೋರು ಅಂತ ಕಂಡಕ್ಟ್ರು ಕೇಳಿ ಟಿಕೀಟು ಅರೀತಾನಾ ಅತ್ತೆ? ನಾವು ಓದ್ ತಿಂಗ್ಳು ಅರಕಲಗೂಡಿಗೆ ಓದಾಗ ನಿಮ್ಮ ಪಕ್ಕ ಕುಂತಿದ್ದೋಳನ್ನ ಕೇಳಿದ್ರಾ?"

ರಾಮಣ್ಣ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ದೊಡ್ಡತಾಯಮ್ಮ ಎಲೆಯಡಿಕೆ ಉಗಿಯಲು ಎದ್ದು ಹೋದಳು. ತಿರುಗಿ ಬಂದು ಕಂಬಕ್ಕೆ ಒರಗಿಕೊಂಡು, "ಬಂದ್ ತಕ್ಷಣ ತಲೆಮ್ಯಾಲೆ ನೀರು ಉಯ್ಕಳ್ಲಿ" ಎಂದಳು.

ಭಾನುವಾರ ಮೊದಲ ಬಸ್ಸಿಗೆ ಗಂಡಹೆಂಡಿರು ಹೊರಟರು. ಮನೆಯಲ್ಲಿ ಎಂದಿನ ಕೆಲಸ ನಡೆಯಿತು. ಬಿಸಿಲು ಅಂಗಳದ ಒರಳಿನ ತನಕ ಬಂದಾಗ ನಂಜಮ್ಮ ಎಸರಿಟ್ಟಳು. ಹಿಟ್ಟು ಹಾಕಿದಳು, ತೊಳಸಿದಳು, ಗಂಟಿಲ್ಲದಂತೆ ಮಿದ್ದಿದಳು. ಕಡೆಯ ಮುದ್ದೆ ಇಟ್ಟು ಕಿಟಕಿಯ ಕಡೆ ತಿರುಗಿ "ಇಳುಸ್ದೆ ಕಣೆ" ಎಂದಳು. ಜಗುಲಿಯಲ್ಲಿ ಚೊಂಬು ಒಂದೇ ಇತ್ತು.

ಸಂಜೆ ಅನಸೂಯ ನೀರು ಹುಯ್ದುಕೊಂಡು ಒದ್ದೆ ತಲೆಯಲ್ಲೇ ಕಿಟಕಿಯ ಹತ್ತಿರ ಬಂದಳು.

"ಎಷ್ಟಾಯ್ತು?"

"ಮೂವತ್ತೂ. ಒಂದರಲ್ಲಿ ಬಾವಿ ಕಟ್ಟೋಕೆ ಶುರು ಮಾಡಿದ್ದೆ ಅಕ್ಕ. ಅರ್ಧಕ್ಕೆ ನಿಲ್ಲಿಸ್ದೆ."

"ಸದ್ಯ" ಎಂದು ನಂಜಮ್ಮ ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಜುಲೈ ಎರಡನೆಯ ವಾರ ಪುಟ್ಟಸ್ವಾಮಿ ಪತ್ರ ತಂದ. ಸೀಟು ಸಿಕ್ಕಿತ್ತು, ಆಗಸ್ಟ್ ಒಂದರಿಂದ ತರಗತಿ. ಅವನು ಅದನ್ನು ಜೋರಾಗಿ ಓದಿದ. ದೊಡ್ಡತಾಯಮ್ಮ ಈ ಸಲ ಎಮ್ಮೆಯನ್ನೂ ಹುರುಳಿಯನ್ನೂ ಬಿಟ್ಟು ನೇರವಾಗಿ ಬಂದಳು.

"ಒಬ್ಳ ಕೈಲಿ ರಾಗಿಕಲ್ಲು ತಿರುಗಾಕಿಲ್ಲ. ಅದಕ್ಕೇ ಅನ್ಸೂಯ ಓಗಂಗಿಲ್ಲ."

ಕಲ್ಲಿನ ಇನ್ನೊಂದು ಬದಿಗೆ ಕೂರುವವಳು ನಂಜಮ್ಮ. ಅನಸೂಯ ಹೋದರೆ ಅಷ್ಟೂ ಕೆಲಸ ಬೀಳುವುದು ನಂಜಮ್ಮನ ಮೇಲೆ, ತಿಂಗಳಿಗೆ ಮೂರು ದಿನವಲ್ಲ, ಮೂವತ್ತೂ ದಿನ. ಅದನ್ನು ಮರೆತು 'ನಾನು ಹೋಗುತ್ತೇನೆ' ಎನ್ನುವುದು ಅವಳಿಂದ ಆಗಲಿಲ್ಲ. ಅವಳು ನಂಜಮ್ಮನ ಮುಖ ನೋಡಿದಳು.

ನಂಜಮ್ಮ ಮೊರ ಕೆಳಗಿಟ್ಟಳು. "ಮೊದಲ್ನೇ ಮಾತು ನಿಜ ಅತ್ತೆ. ಒಬ್ಳ ಕೈಲಿ ತಿರುಗಾಕಿಲ್ಲ. ಅದಕ್ಕೇ ಕಲ್ಲು ಬುಟ್ಬುಡಾನ."

"ಏನಂದೆ?"

"ರಾಗಿ ಮಿಷನ್ಗೆ ಓಗ್ಲಿ. ಹುಚ್ಚಯ್ಯನ ಮಿಷನ್ನು ಸಂತೆಮಾಳದತ್ರಾನೇ ಅದೆ."

"ಮಿಷನ್ ಇಟ್ಟು ಬಿಸಿಯಾಗಿ ಸತ್ತೋಗಿರ್ತದೆ. ಮುದ್ದೆ ಅಂಟಾಯ್ತದೆ. ಗಂಡಸ್ರು ಉಣ್ಣಾಕಿಲ್ಲ."

ನಂಜಮ್ಮ ಗಂಡನ ಕಡೆ ತಿರುಗಿದಳು. "ಓದ್ ವಾರ ಅನ್ಸೂಯ ವರಗಿದ್ದಾಗ ಇಟ್ಟು ಎಂಗಿತ್ತು?"

"ಚೆನ್ನಾಗಿತ್ತು" ಎಂದ ರಾಮಣ್ಣ. "ನುಣ್ಣಗದೆ ಅಂತ ಅಂದ್ನಲ್ಲ. ಅವ್ವನೂ ಇನ್ನರ್ಧ ಈಸ್ಕಂಡ್ಲು."

"ಅದು ಹುಚ್ಚಯ್ಯನ ಮಿಷನ್ದು."

ದೊಡ್ಡತಾಯಮ್ಮ ಕೇಳಿದಳು. "ಎಷ್ಟು ದಿನದಿಂದ?"

"ಎರಡು ವರ್ಸ. ಅನ್ಸೂಯ ವರಗಿದ್ದ ಮೂರು ಮೂರು ದಿನ. ಹೊಲಕ್ಕೆ ಬುತ್ತಿ ಒರೋ ಮಂಕ್ರಿ ತಳದಲ್ಲಿ ರಾಗಿ ಆಕ್ಕಂಡೋಯ್ತಿದ್ದೆ. ಮಿಷನ್ ಕೂಲಿಗೂ ಅದ್ರಲ್ಲೇ ಎರಡು ಬೊಗಸೆ ಕೊಡ್ತಿದ್ದೆ. ಒಬ್ಳೇ ಎಂಗೆ ಬೀಸ್ತೀಯ ಅಂತ ನೀವ್ಯಾರೂ ಕೇಳ್ನಿಲ್ಲ, ನಾನೂ ಯೋಳ್ನಿಲ್ಲ."

ರಾಮಣ್ಣ ನಕ್ಕುಬಿಡುವವನಿದ್ದ. ಅಷ್ಟರಲ್ಲಿ ನಂಜಮ್ಮ ಅವನನ್ನೂ ಹಿಡಿದಳು. "ಇನ್ಮ್ಯಾಕೆ ಮಂಕ್ರೀಲಿ ಆಗಾಕಿಲ್ಲ, ಮೂಟೆ ಓಗ್ಬೇಕು. ಮೂಟೆ ಒರೋದು ಗಂಡಸ್ರ ಕೆಲ್ಸ ಅಂತ ನೀವೇ ಅಂತೀರಲ್ಲ. ಸೈಕಲ್ನಾಗೆ ತಗಂಡೋಗ್ರಿ." ಮಾತು ಅವನದೇ ಆಗಿದ್ದರಿಂದ ಅವನು ಸುಮ್ಮನೆ ತಲೆಯಾಡಿಸಿದ. ಆ ಭಾನುವಾರದಿಂದ ವಾರಕ್ಕೊಂದು ಮೂಟೆ ಸೈಕಲ್ಲಿನ ಮೇಲೆ ಹೋಗತೊಡಗಿತು.

ಅನಸೂಯಮ್ಮ ಲಾ ಮುಗಿಸಿ ಹೊಳೆನರಸೀಪುರದ ಕೋರ್ಟಿಗೆ ಕರಿಕೋಟು ಹಾಕಿಕೊಂಡು ಬಂದದ್ದು ಅರವತ್ತೇಳರಲ್ಲಿ. ಹಾಸನದ ಬಾಡಿಗೆ ಮನೆಯಲ್ಲಿ ಮೊದಲ ವರ್ಷ ಪುಟ್ಟಸ್ವಾಮಿ ಸಾರು ಮಾಡಲು ಕಲಿತ, ಚೆನ್ನಾಗಿ ಅಲ್ಲ. ಅವಳ ಹತ್ತಿರ ಬಂದ ಹೆಂಗಸರು ಅಳುತ್ತಾ ಮೊದಲಿನಿಂದ ಹೇಳಲು ಶುರು ಮಾಡಿದರೆ, "ನಿನಗೆ ಕೊನೆಗೆ ಏನು ಬೇಕು, ಅದನ್ನ ಮೊದಲು ಹೇಳವ್ವ. ಮಿಕ್ಕಿದ್ದು ಆಮೇಲೆ ಪೂರ್ತಿ ಕೇಳ್ತೀನಿ" ಎನ್ನುತ್ತಿದ್ದಳು. ಇದು ಎಲ್ಲಿ ಕಲಿತದ್ದು ಎಂದು ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳುತ್ತಿರಲಿಲ್ಲ. ನಂಜಮ್ಮ ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ಹನ್ನೆರಡು ಜನಕ್ಕೆ ಅಡುಗೆ ಮಾಡಿಕೊಂಡಿದ್ದಳು. ಅವಳಿಗೆ ಯಾವ ಕಾಲೇಜಿನಿಂದಲೂ ಪತ್ರ ಬರಲಿಲ್ಲ. ಬೆಳಗಿನ ಎರಡು ಗಂಟೆ ಬೀಸುವ ಕೆಲಸ ತಪ್ಪಿತು. ಆ ಎರಡು ಗಂಟೆ ಅವಳು ಮಲಗಿದಳು.

ಪತ್ರ ಬಂದ ಆ ದಿನ ನಂಜಮ್ಮನ ಹೊರತು ಎಲ್ಲರೂ ಎದ್ದು ಹೋದ ಮೇಲೆ ದೊಡ್ಡತಾಯಮ್ಮ ರಾಗಿಕಲ್ಲಿನ ಪಕ್ಕ ಹೋಗಿ ಕೂತಿದ್ದಳು. ಗೂಟದ ಮೇಲೆ ಕೈಯಿಟ್ಟು, ಆಡಿಸದೆ, ಮಾತು ಶುರು ಮಾಡಿದಳು. ಈ ಕಲ್ಲು ತಾನು ಬಂದ ವರ್ಷ ಗಾಡಿಯಲ್ಲಿ ಬಂದದ್ದು. ತನ್ನೆದುರು ಕೂರಬೇಕಾದ ನಾದಿನಿ ಆರು ತಿಂಗಳಿಗೇ ಗಂಡನ ಮನೆಗೆ ಹೋದದ್ದು. ಅಲ್ಲಿಂದ ನಂಜಮ್ಮ ಬರುವ ತನಕ ಹತ್ತೊಂಬತ್ತು ವರ್ಷ ಒಬ್ಬಳೇ ತಿರುಗಿಸಿದ್ದು, ತುಂಬಿದ ಬಸಿರಿನಲ್ಲೂ. ಒಬ್ಬಳ ಕೈಲಿ ಆಗುವುದಿಲ್ಲ ಎಂದು ತನಗೆ ಗೊತ್ತಿದ್ದದ್ದು ಹಾಗೆ.

"ಆಗ ಕಲ್ಲು ಬುಡಾನ ಅಂತ ಯಾರೂ ಅನ್ನಿಲ್ಲ ಕಣೆ" ಎಂದಳು. "ನಂಗೂ ಹೊಳೀನಿಲ್ಲ."

ಆ ಮಾತಿನ ಕೊನೆಯಲ್ಲಿ ನಂಜಮ್ಮ ಮಾಡಬೇಕಾದ ಕೆಲಸ ಯಾವುದೂ ಇರಲಿಲ್ಲ. ಅವಳು ಕಲ್ಲಿನ ಇನ್ನೊಂದು ಬದಿಗೆ ಬಂದು, ತನ್ನ ಎಂದಿನ ಜಾಗದಲ್ಲಿ ಕೂತಳು.

"ನಾದ್ನಿ ಹೆಸ್ರು ಏನತ್ತೆ?" ಎಂದು ಕೇಳಿದಳು. "ಮೊದ್ಲಿಂದ ಯೋಳಿ."